ಕೈಕೆಲಸದ ಕಟ್ಟೆ: ಮಾರಿಕಣಿವೆಯ ದೋಣಿ, ಕೊಳೆತ ಹಿಂಬದಿ ಹಲಗೆ

ಪ್ರಶ್ನೆ: ಸಾರ್, ನಮ್ಮದು ಹಿರಿಯೂರು ತಾಲ್ಲೂಕು, ಮಾರಿಕಣಿವೆ ಹಿನ್ನೀರಿನ ಪಕ್ಕದ ಹಳ್ಳಿ. 2022ರಲ್ಲಿ ಕಣಿವೆ ಕೋಡಿ ಬಿದ್ದ ಮೇಲೆ ನಾನೂ ನಮ್ಮ ಮಾವನೂ ಸೇರಿ ಕರಾವಳಿ ಕಡೆಯಿಂದ ಹದಿನಾಲ್ಕು ಅಡಿಯ ಹಳೇ ಫೈಬರ್ ದೋಣಿ ತಂದ್ವಿ. ಹದಿನೈದು ಎಚ್‌ಪಿ ಇಂಜಿನ್ ಐತೆ, ಹಿಂದಿನ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ್ದೀವಿ. ಮೀನಿನ ಬಲೆ ಹಾಕೋಕೆ, ತೆಗೆಯೋಕೆ ಓಡಿಸ್ತೀವಿ. ಈ ವರ್ಷ ರೇಸ್ ಕೊಟ್ಟರೆ ಇಂಜಿನ್ ಹಿಂದಕ್ಕೆ ವಾಲ್ತದೆ, ಕಿರ್ ಅನ್ನುತ್ತೆ. ಬೋಲ್ಟಿನ ತೂತಲ್ಲಿ ಕಂದು ನೀರು ಜಿನುಗುತ್ತೆ. ಎರಡು ಮೂಲೆಯಲ್ಲೂ ಕೂದಲೆಳೆಯಷ್ಟು ಬಿರುಕು. ಊರಿನ ಮೆಕ್ಯಾನಿಕ್ ಒಳಗೂ ಹೊರಗೂ ಅಲ್ಯೂಮಿನಿಯಂ ತಗಡು ಕೊಟ್ಟು ಬೋಲ್ಟ್ ಬಿಗಿ ಮಾಡು ಅಂದ. ಬಡಗಿ, ಹಳೇ ಮನೆ ಕೆಡವಿದ್ದರಲ್ಲಿ ಸಿಕ್ಕ ತೇಗದ ಹಲಗೆ ಹಾಕ್ತೀನಿ ಅಂದ. ಮಾವ, ಹೊರಗಿಂದ ಗಾಜಿನ ನಾರಿನ ಮ್ಯಾಟ್ ನಾಲ್ಕು ಪದರ ಹೊಡೆದು ಬಣ್ಣ ಬಳಿದ್ರೆ ಆಯ್ತು ಅಂತಾರೆ. ಯಾರ ಮಾತು ಕೇಳಲಿ?
ಓದುಗ, ಹಿರಿಯೂರು ತಾಲ್ಲೂಕು

ಉತ್ತರ: ತಮ್ಮಾ, ಮೂವರ ಮಾತನ್ನೂ ಕೇಳಬೇಡ. ನಿನ್ನ ಮಾವನವರ ಮಾತನ್ನಂತೂ ಬೇಡವೇ ಬೇಡ. ಅವರ ಮೇಲೆ ಕೋಪದಿಂದ ಹೇಳುತ್ತಿಲ್ಲ, ಆ ತಪ್ಪನ್ನು ನಾನೇ ಮಾಡಿದ್ದೇನೆ.

ಹರಿಹರದ ಕಾರ್ಖಾನೆಯೊಂದರ ಪ್ಯಾಟರ್ನ್ ಶಾಪಿನಲ್ಲಿ ಮರದ ಅಚ್ಚು ಕೆತ್ತುತ್ತಿದ್ದವನು ನಾನು. ಅಲ್ಲಿಂದ ಹೊರಬಿದ್ದು ದಾವಣಗೆರೆಯಲ್ಲಿ ಫೈಬರ್ ಕೆಲಸದ ಶೆಡ್ ಹಾಕಿದ ಹೊಸತು. ತೊಟ್ಟಿ, ಬಾಗಿಲು, ಜಾತ್ರೆಗೆ ಆನೆ ಕುದುರೆ, ಏನು ಬಂದರೂ ಸೈ. ಸೂಳೆಕೆರೆ ಕಡೆಯಿಂದ ಒಬ್ಬರು ನಿನ್ನಂಥದೇ ದೋಣಿ ತಂದರು. ಹೊರಗಡೆ ತಿಕ್ಕಿ, ಐದು ಪದರ ಮ್ಯಾಟ್ ಹೊಡೆದು, ಮೇಲೆ ಜೆಲ್‌ಕೋಟ್ ಅನ್ನುವ ಹೊಳಪಿನ ಲೇಪ ಬಳಿದು ಕನ್ನಡಿ ಹಾಗೆ ಮಾಡಿಕೊಟ್ಟೆ. ಮೂರು ದಿನದ ಕೂಲಿ ಎಣಿಸಿಕೊಂಡೆ. ಅದೇ ಮಳೆಗಾಲದಲ್ಲಿ ಆ ದೋಣಿಯ ಇಂಜಿನ್ ಹಲಗೆಯ ತುಂಡಿನ ಸಮೇತ ಕಿತ್ತುಬಂದು, ಪೆಟ್ರೋಲ್ ಪೈಪು ಮತ್ತು ಒಂದು ಹಗ್ಗದ ಮೇಲೆ ನೇತಾಡಿತು. ಪುಣ್ಯಕ್ಕೆ ದಡ ಹತ್ತಿರವಿತ್ತು. ನೋಡಲು ಹೋದ ನನ್ನನ್ನು ಆ ಮನುಷ್ಯ ಬೈಯಲಿಲ್ಲ, ಕೂರಿಸಿ ಚಹಾ ಕೊಟ್ಟ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಕಿತ್ತ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ನಾನು ಹಾಕಿದ ಐದು ಪದರ ಗಟ್ಟಿಯಾಗಿಯೇ ಇತ್ತು. ಒಳಗಿನ ಪ್ಲೈವುಡ್ ಮಾತ್ರ ನೆನೆದ ಹಿಂಡಿಯ ಹಾಗೆ ಬೆರಳಿಗೆ ಉದುರುತ್ತಿತ್ತು. ಆಗ ಅರ್ಥವಾಯಿತು, ಫೈಬರ್ ದೋಣಿ ಅಂತ ನಾವು ಕರೆದರೂ ಇಂಜಿನ್ ಹೊರುವುದು ಫೈಬರ್ ಒಂದೇ ಅಲ್ಲ. ಆಚೆ ಒಂದು ತೆಳು ಫೈಬರ್ ಚರ್ಮ, ಈಚೆ ಒಂದು, ನಡುವೆ ಒಂದೂವರೆ ಇಂಚಿನಷ್ಟು ಮರ. ಮೂರೂ ಒಂದಕ್ಕೊಂದು ಅಂಟಿಕೊಂಡಿರುವ ತನಕ ಬಲ. ನಡುವಿನದು ಕೊಳೆತರೆ ಎರಡು ಚರ್ಮ ಬೇರೆಬೇರೆ ಬಾಗುತ್ತವೆ. ಜೋಗಿಮಟ್ಟಿ ಕಡೆ ತಿರುಗುವ ಗಾಳಿಯಂತ್ರದ ರೆಕ್ಕೆಯೂ ಇದೇ ಉಪಾಯ: ಹೊರಗೆ ಗಾಜಿನ ನಾರು, ಒಳಗೆ ಹಗುರ ಮರ ಇಲ್ಲವೇ ಫೋಮ್.

ಇಂಜಿನ್ ತೂಕ ನಲವತ್ತು ಕೆ.ಜಿ. ಆಸುಪಾಸು ಅಂತ ಇಟ್ಟುಕೋ. ಹಲಗೆಯನ್ನು ಮುರಿಯುವುದು ಆ ತೂಕವಲ್ಲ. ನೀರಿನೊಳಗೆ ಫ್ಯಾನು ಮುಂದಕ್ಕೆ ತಳ್ಳುತ್ತದೆ, ಇಂಜಿನ್ನಿನ ಬ್ರಾಕೆಟ್ಟಿನ ಕೆಳತುದಿ ಹಲಗೆಗೆ ಒತ್ತುತ್ತದೆ, ಮೇಲ್ತುದಿ ಹಲಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ. ರೇಸ್ ಕೊಟ್ಟಾಗಲೇ ವಾಲುತ್ತದೆ ಅಂದೆಯಲ್ಲ, ಕಾರಣ ಇದು. ಹೊರಗೆ ಪದರ ಏರಿಸಿದರೆ ಕೊಳೆತದ್ದಕ್ಕೆ ಹೊಸ ಅಂಗಿ ತೊಡಿಸಿದಂತೆ. ತಗಡು ಕೊಟ್ಟು ಬಿಗಿ ಮಾಡಿದರೆ ಮೆತ್ತಗಿನ ಮರ ಇನ್ನಷ್ಟು ಜಜ್ಜುತ್ತದೆ, ಜೊತೆಗೆ ನೀರು ಇಳಿಯಲು ಹೊಸದಾಗಿ ಆರೋ ಎಂಟೋ ತೂತು ಬೇರೆ.

ತೇಗದ ಮಾತಿಗೆ ಬರೋಣ. ಬಡಗಿಯವರು ಬೇಜಾರು ಮಾಡಿಕೊಳ್ಳಬಾರದು, ತೇಗ ಒಳ್ಳೆಯ ಮರವೇ. ಆದರೆ ಇಡೀ ಹಲಗೆ ತೇವ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಫೈಬರ್ ಹಾಗೆ ಹಿಗ್ಗಿ ಕುಗ್ಗುವುದಿಲ್ಲ, ಅಂಟು ಬಿಡುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ನಾರನ್ನೂ ಮರವನ್ನೂ ಅಂಟಿಸುವ ರೆಸಿನ್‌ನ ಹಿಡಿತವೂ ಕಮ್ಮಿ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದ, ಮುಂದಿನದರದು ಅಡ್ಡ. ಅದಕ್ಕೇ ಅದು ಮಿಸುಕುವುದಿಲ್ಲ. ತೇಗವನ್ನು ಮನೆಗೆ ಒಂದು ಬೆಂಚು ಮಾಡಿಸಿಕೋ.

ಕೊಯ್ಯುವ ಮೊದಲು ಖಾತ್ರಿ ಮಾಡಿಕೋ. ಸ್ಕ್ರೂಡ್ರೈವರ್ ಹಿಡಿಯಿಂದ ಹಲಗೆಯುದ್ದಕ್ಕೂ ತಟ್ಟು. ಸಂತೆಯಲ್ಲಿ ಮಡಕೆ ಬಡಿದು ನೋಡುವುದಿಲ್ಲವೇ, ಹಾಗೆ. ಟಣ್ ಅಂದ ಕಡೆ ಜೀವ ಇದೆ, ದೊಪ್ ಅಂದ ಕಡೆ ಸತ್ತಿದೆ. ಸೀಸದಕಡ್ಡಿಯಲ್ಲಿ ಗುರುತು ಮಾಡುತ್ತಾ ಹೋಗು. ಆಮೇಲೆ ಒಳಮಗ್ಗುಲಿಂದ, ಕೆಳಗಡೆ, ನಾಲ್ಕು ಎಂ.ಎಂ. ಬಿಟ್‌ನಲ್ಲಿ ಮೂರು ನಾಲ್ಕು ಕಡೆ ತೂತು ಹಾಕು, ಆಚೆ ಚರ್ಮ ದಾಟಬೇಡ. ಬಿಳಿಚಿದ ಒಣ ಪುಡಿ ಬಂದರೆ ಸರಿ. ಕಾಫಿ ಚರಟದಂಥ ಒದ್ದೆ ಪುಡಿ ಬಂದರೆ ಹಲಗೆ ಹೋಗಿದೆ. ನೀನು ಬರೆದ ಲಕ್ಷಣ ನೋಡಿದರೆ ಚರಟವೇ ಬರುತ್ತದೆ.

ಇಂಜಿನ್ ಇಳಿಸಿ, ದೋಣಿಯನ್ನು ಮಟ್ಟವಾದ ನೆಲದಲ್ಲಿ ಹಳೇ ಟೈರು, ಮರದ ದಿಂಡು ಕೊಟ್ಟು ಕೂರಿಸು. ನಡುಬೆನ್ನಿಗೂ ಆಧಾರ ಇರಲಿ, ಎರಡು ಪಕ್ಕೆಗೂ ಇರಲಿ. ಹಿಂದುಗಡೆ ಎರಡು ಅಂಚಿಗೂ ಅಡ್ಡ ಒಂದು ರೀಪು ಹೊಡೆ. ಹಲಗೆ ತೆಗೆದ ಮೇಲೆ ದೋಣಿ ತೆರೆದ ಪೆಟ್ಟಿಗೆ ಇದ್ದಂತೆ, ಅಗಲವಾದರೆ ಆಮೇಲೆ ಏನು ಮಾಡಿದರೂ ಕೂರದು. ಹಲಗೆಯ ಎತ್ತರ, ದಪ್ಪ, ಹಿಂದಕ್ಕೆ ಎಷ್ಟು ವಾಲಿದೆ ಅನ್ನುವುದನ್ನು ಮೊದಲೇ ರಟ್ಟಿನ ಮೇಲೆ ಬರೆದಿಟ್ಟುಕೋ. ಗಿಡ್ಡ ಕಾಲಿನ ಇಂಜಿನ್‌ಗೆ ಹಲಗೆ ಎತ್ತರ ಹದಿನೈದು ಇಂಚಿನ ಆಸುಪಾಸು, ಉದ್ದ ಕಾಲಿನದಕ್ಕೆ ಇಪ್ಪತ್ತು. ಇದು ತಪ್ಪಿದರೆ ಫ್ಯಾನು ಗಾಳಿ ಕುಡಿಯುತ್ತದೆ, ಇಲ್ಲವೇ ಆಳಕ್ಕೆ ಹೋಗಿ ದೋಣಿಯನ್ನು ಎಳೆಯುತ್ತದೆ.

ನಿನ್ನದು ತೆರೆದ ದೋಣಿ, ಆದ್ದರಿಂದ ಒಳಗಿನ ಚರ್ಮ ಕೊಯ್ದು ಕೆಲಸ ಮಾಡು, ಹೊರಗಿನದು ಹಾಗೇ ಉಳಿಯಲಿ. ಗ್ರೈಂಡರ್‌ನಲ್ಲಿ ಅಂಚಿನುದ್ದಕ್ಕೂ ಚರ್ಮದ ದಪ್ಪದಷ್ಟೇ ಕೊಯ್ದು ಎಬ್ಬಿಸು. ಕೊಳೆತ ಮರ ಕೈಗೇ ಬರುತ್ತದೆ. ಗೋಳು ಕೊಡುವುದು ಗಟ್ಟಿಯಾಗಿ ಉಳಿದ ಮೂಲೆ ಮರ, ಅದಕ್ಕೆ ಉಳಿ ಸುತ್ತಿಗೆಯೇ ಗತಿ. ಅದೂ ಗಟ್ಟಿಯಾಗೇ ಇದೆಯಲ್ಲ ಅಂತ ಬಿಡಬೇಡ, ಒಂದು ಚೂರೂ ಉಳಿಯಬಾರದು. ನೆಲದ ಉದ್ದ ತೊಲೆಗಳು ಹಲಗೆಗೆ ಸೇರುವ ತುದಿಯನ್ನೂ ತಟ್ಟಿ ನೋಡು, ಕೊಳೆ ಅಲ್ಲಿಗೂ ಹಬ್ಬಿರುವುದುಂಟು. ಹೊರಚರ್ಮದ ಒಳಮೈ, ಎರಡು ಪಕ್ಕೆ, ತಳ, ಎಲ್ಲವನ್ನೂ ಆರರಿಂದ ಎಂಟು ಇಂಚು ದೂರದವರೆಗೆ 36 ನಂಬರ್ ಉಜ್ಜುಕಾಗದದಲ್ಲಿ ಬಿಳಿ ನಾರು ಕಾಣುವ ತನಕ ತಿಕ್ಕು. ಈ ಧೂಳಿಗೆ ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಬೇಕು. ಟವೆಲ್ ಕಟ್ಟಿಕೊಂಡರೆ ಸಾಲದು. ಮೈ ಕಡಿತ ಎರಡು ದಿನ ಇರುತ್ತದೆ, ಬಿಸಿನೀರಿನ ಬದಲು ತಣ್ಣೀರು ಹಾಕಿಕೋ.

ಪ್ಲೈಗೆ ಹದಿನೆಂಟು ಎಂ.ಎಂ.ನ ಎರಡು ಪದರ. ಎಂಟು-ನಾಲ್ಕರ ಒಂದು ಶೀಟಿನಲ್ಲಿ ಎರಡೂ ಬರುತ್ತವೆ, ಮೂಲೆಗಟ್ಟಿಗೆ ತುಂಡೂ ಉಳಿಯುತ್ತದೆ. ಹಳೆಯದರ ದಪ್ಪ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ತಗೋ. ಯಾವ ಪ್ಲೈ ಅನ್ನುವುದನ್ನು ಕೆಳಗೆ ಜಗಳೂರಿನವರಿಗೆ ಹೇಳಿದ್ದೇನೆ, ಓದಿಕೋ. ರಟ್ಟಿನ ಅಚ್ಚಿಟ್ಟು ಕೊಯ್ದು, ಅಂಟು ಬಳಿಯದೆ ದೋಣಿಯಲ್ಲಿ ಕೂರಿಸಿ ನೋಡು. ಸುತ್ತ ಕಾಲಿಂಚಿನಷ್ಟು ಸಂದು ಇದ್ದರೆ ಒಳ್ಳೆಯದು, ಅಲ್ಲಿ ಅಂಟು ತುಂಬಿಕೊಳ್ಳುತ್ತದೆ. ಮರ ನೇರವಾಗಿ ಫೈಬರ್‌ಗೆ ಗುದ್ದಿಕೊಂಡಿರಬಾರದು.

ಇನ್ನು ರೆಸಿನ್. ಬಹಳ ಜನ ಎಡವುವುದು ಇಲ್ಲಿ.

ನಮ್ಮ ಕಡೆ ತೊಟ್ಟಿ ಬಾಗಿಲಿನವರಿಗೆ ಸಿಗುವುದು ಜಿಪಿ ಅನ್ನುವ ಪಾಲಿಯೆಸ್ಟರ್ ರೆಸಿನ್. ಅಗ್ಗ. ಮ್ಯಾಟಿಗೆ ಚೆನ್ನಾಗಿ ಹಿಡಿಯುತ್ತದೆ, ಮರಕ್ಕೆ ಅಷ್ಟಕ್ಕಷ್ಟೆ. ಎಪಾಕ್ಸಿ ದುಬಾರಿ, ಆದರೆ ಮರವನ್ನು ಕಚ್ಚಿ ಹಿಡಿಯುತ್ತದೆ. ನನ್ನ ಕೈಯಲ್ಲಾದರೆ ಈ ಕೆಲಸಕ್ಕೆ ಎಪಾಕ್ಸಿಯೇ. ಒಂದು ನೆನಪಿಡು: ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯದು. ಆದ್ದರಿಂದ ಎಪಾಕ್ಸಿ ಶುರು ಮಾಡಿದರೆ ಕೊನೆಯ ಪದರದವರೆಗೂ ಅದೇ. ಇನ್ನೊಂದು, ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗಲು ಪಾಲಿಯೆಸ್ಟರ್‌ನ ಒಳಗಿರುವ ಸ್ಟೈರೀನ್ ಬೇಕು. ಎಪಾಕ್ಸಿಯಲ್ಲಿ ಅದಿಲ್ಲ, ಮ್ಯಾಟು ಬಿರುಸಾಗೇ ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ತಗೋ.

ಕೈಯಲ್ಲಿ ದುಡ್ಡಿಲ್ಲ, ಪಾಲಿಯೆಸ್ಟರ್ರೇ ಅಂತಾದರೆ ಜಿಪಿ ಬಿಟ್ಟು ಐಸೋ ರೆಸಿನ್ ಕೇಳು, ನೀರಿಗೆ ಅದು ತಾಳುತ್ತದೆ. ಪ್ಲೈ ಪದರಗಳ ನಡುವೆಯೂ, ಪ್ಲೈಗೂ ಚರ್ಮಕ್ಕೂ ನಡುವೆಯೂ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟನ್ನು ತೊಪ್ಪೆಯಾಗಿ ನೆನೆಸಿ ಹಾಕು, ಬರೀ ರೆಸಿನ್ ಬಳಿದು ಅಂಟಿಸಬೇಡ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ, ಆ ಲೆಕ್ಕದಲ್ಲಿ ತಾ. ಈ ರೆಸಿನ್ ಗಟ್ಟಿಯಾಗಲು ಅಂಗಡಿಯಲ್ಲಿ ಎರಡು ಚಿಕ್ಕ ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನಂಥದ್ದು ಕ್ಯಾಟಲಿಸ್ಟ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಏಳುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ತಿರುವು. ಕೆಲಸ ಶುರು ಮಾಡುವ ಗಳಿಗೆಯಲ್ಲಿ ಕ್ಯಾಟಲಿಸ್ಟ್ ಹಾಕು. ಎರಡಕ್ಕೂ ಒಂದೇ ಸಿರಿಂಜು, ಒಂದೇ ಮುಚ್ಚಳ ಬಳಸಬೇಡ. ಎರಡೂ ಬಾಟಲಿಯನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ತರಬೇಡ, ಯಾರು ತಂದರೂ ನಾನು ಬೈಯುತ್ತೇನೆ.

ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ರೆಸಿನ್ ಕಲಸಿದರೆ ಬ್ರಷ್ ಎತ್ತುವಷ್ಟರಲ್ಲಿ ಗಟ್ಟಿ. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಸು. ಕೆ.ಜಿ. ರೆಸಿನ್‌ಗೆ ಹತ್ತು ಮಿಲಿ ಕ್ಯಾಟಲಿಸ್ಟ್ ಸಾಕು. ಎಪಾಕ್ಸಿಗೆ ಈ ಆಟ ನಡೆಯದು, ಡಬ್ಬಿಯ ಮೇಲೆ ಬರೆದ ಅಳತೆಗೆ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಜಾಸ್ತಿ ಹಾಕಿದರೆ ಬೇಗ ಒಣಗುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಯಾವುದೇ ಆಗಲಿ, ಚೊಂಬಿನಲ್ಲಿ ಕಲಸಿ ಹಾಗೇ ಇಡಬೇಡ, ಅಗಲ ತಟ್ಟೆಗೆ ಸುರಿ. ಆಳದ ಪಾತ್ರೆಯಲ್ಲಿ ತನ್ನ ಕಾವಿಗೆ ತಾನೇ ಕುದಿಯುತ್ತದೆ. ನಮ್ಮ ಶೆಡ್ಡಿನ ಹುಡುಗ ಒಮ್ಮೆ ಅರ್ಧ ಚೊಂಬು ಕಲಸಿ ಮರದ ಹೊಟ್ಟಿನ ರಾಶಿ ಮೇಲಿಟ್ಟು ತಿಂಡಿಗೆ ಹೋದ. ಮಂಡಕ್ಕಿ ಮಿರ್ಚಿ ಮುಗಿಸಿ ಬರುವಷ್ಟರಲ್ಲಿ ಹೊಟ್ಟು ಹೊಗೆಯಾಡುತ್ತಿತ್ತು.

ಕೂರಿಸುವ ಬಗೆ ಎಪಾಕ್ಸಿ ಲೆಕ್ಕದಲ್ಲೇ ಹೇಳುತ್ತೇನೆ. ಎರಡೂ ಪ್ಲೈಗೆ ಮೊದಲು ತೆಳು ರೆಸಿನ್ ಕುಡಿಸು, ಕೊಯ್ದ ಅಂಚಿಗೆ ಎರಡು ಸಲ. ನೀರು ಹೀರುವುದು ಅಂಚೇ. ಆಮೇಲೆ ರೆಸಿನ್‌ಗೆ ಸಿಲಿಕಾ ಪುಡಿ ಸೇರಿಸಿ ಗಟ್ಟಿ ಮಾಡು. ಹದ ಕೇಳಿದರೆ ಮುದ್ದೆಗಿಂತ ಸಡಿಲ, ಶೇಂಗಾ ಚಟ್ನಿಗಿಂತ ಗಟ್ಟಿ. ನಿಲ್ಲಿಸಿದ ಹಲಗೆಗೆ ಬಳಿದರೆ ಜಾರಬಾರದು. ಟೈಲ್ಸ್ ಹಾಕುವವರ ಹಲ್ಲಿನ ಕರಣೆಯಿಂದ ಗೀರುಗೀರಾಗಿ ಎಳೆದು ಪ್ಲೈಯನ್ನು ಚರ್ಮಕ್ಕೆ ಒತ್ತು. ಹೊರಗಡೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೆಟ್ಟಗಿನ ದಪ್ಪ ಹಲಗೆ ಕೊಡು, ಇಲ್ಲದಿದ್ದರೆ ಹೊರಚರ್ಮ ಹೊಟ್ಟೆ ಬಿಡುತ್ತದೆ. ಇಂಜಿನ್ನಿನ ಹಳೇ ತೂತಲ್ಲೇ ಗ್ರೀಸ್ ಸವರಿದ ಬೋಲ್ಟ್ ತೂರಿಸಿ ಬಿಗಿ. ಸುತ್ತಲೂ ಅಂಟು ಉಕ್ಕಿ ಬಂದರೆ ಸಾಕು, ನಿಲ್ಲಿಸು. ಪೈಲ್ವಾನನ ಹಾಗೆ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಮಾರನೆಯ ದಿನ ಬೋಲ್ಟ್ ಬಿಚ್ಚಿ, ತೂತಿನಲ್ಲಿ ಉಳಿದ ಗ್ರೀಸನ್ನು ತಿನ್ನರ್ ಬಟ್ಟೆಯಲ್ಲಿ ಪೂರ್ತಿ ತೆಗೆ.

ಹಲಗೆ ತಳಕ್ಕೂ ಪಕ್ಕೆಗೂ ಸೇರುವ ಮೂಲೆಯಲ್ಲಿ ಅದೇ ಅಂಟನ್ನು ತುಂಬಿ ಸಾರಿನ ಸೌಟಿನ ಬೆನ್ನಿನಿಂದ ಎಳೆ, ದುಂಡಗೆ ಆಗುತ್ತದೆ. ಗಾಜಿನ ಬಟ್ಟೆ ಚೂಪು ಮೂಲೆಗೆ ಕೂರುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಅದರ ಮೇಲೆ ನಾಲ್ಕು ಇಂಚಿನ ಪಟ್ಟಿ, ಆಮೇಲೆ ಆರಿಂಚು, ಆಮೇಲೆ ಎಂಟು. ಒಂದರ ಅಂಚು ಇನ್ನೊಂದರ ಅಂಚಿನ ಮೇಲೆ ಬರಬಾರದು. ಕೊನೆಗೆ ಇಡೀ ಒಳಮೈಗೆ, ಮೇಲಿನ ಅಂಚು ಮಡಚಿಕೊಂಡು, ಮೂರು ಪದರ. ನಡುವೆ ಒಂದು ದಿನ ಬಿಟ್ಟಿದ್ದರೆ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕಟ್ಟಿರುತ್ತದೆ. ನೀರು ಹಾಕಿ ಪಾತ್ರೆ ಉಜ್ಜುವ ನಾರಿನಿಂದ ತಿಕ್ಕಿ ತೊಳೆದು, ಒಣಗಿದ ಮೇಲೆ ಉಜ್ಜುಕಾಗದ ಆಡಿಸಿ ಮುಂದಿನ ಪದರ ಹಾಕು.

ಇಷ್ಟು ಮಾಡಿದವರೂ ಕೊನೆಯಲ್ಲಿ ಡ್ರಿಲ್ ಹಿಡಿದು ಎಲ್ಲ ಕೆಡಿಸುತ್ತಾರೆ. ನಿನ್ನ ಹಲಗೆ ಕೊಳೆತದ್ದು ವಯಸ್ಸಾಗಿ ಅಲ್ಲ. ಹಿಂದಿನವರು ಯಾರೋ ಬ್ಯಾಟರಿ ಪೆಟ್ಟಿಗೆಗೋ ಬಲೆಯ ಕೊಕ್ಕೆಗೋ ಹೊಡೆದ ಒಂದು ಸ್ಕ್ರೂವಿನ ದಾರಿಯಲ್ಲೋ, ಬೋಲ್ಟಿನ ಬರೀ ತೂತಿನಲ್ಲೋ ನೀರು ಇಳಿದಿದೆ. ಹಳೇ ಹಲಗೆಯನ್ನು ಎಸೆಯುವ ಮುನ್ನ ತಿರುವಿ ನೋಡು, ಕಪ್ಪು ಕಲೆ ಎಲ್ಲಿಂದ ಶುರುವಾಗಿದೆ ಅಂತ ಕಾಣುತ್ತದೆ. ಆದ್ದರಿಂದ ಹನ್ನೆರಡು ಎಂ.ಎಂ. ಬೋಲ್ಟ್ ಬೇಕಾದ ಕಡೆ ಇಪ್ಪತ್ತರ ತೂತು ಹಾಕು. ಹಿಂದೆ ಟೇಪ್ ಅಂಟಿಸಿ ಗಟ್ಟಿ ಎಪಾಕ್ಸಿ ತುಂಬು. ಒಣಗಿದ ಮೇಲೆ ನಡುಮಧ್ಯೆ ಹನ್ನೆರಡರ ತೂತು ಹಾಕು. ಈಗ ಬೋಲ್ಟು ಎಪಾಕ್ಸಿಯ ಕೊಳವೆಯಲ್ಲಿ ಕೂತಿದೆ, ಮರಕ್ಕೆ ಮುಟ್ಟುವುದೇ ಇಲ್ಲ. ನೀರು ಬಿಡುವ ತಳದ ತೂತಿಗೂ ಇದೇ ಉಪಚಾರ, ಅದಕ್ಕೆ ಮೊದಲು. ಬೋಲ್ಟಿನ ಸುತ್ತ ಪಾಲಿಯುರೆಥೇನ್ ಸೀಲೆಂಟ್, ದೊಡ್ಡ ವಾಷರ್. ಕಿಟಕಿ ಗಾಜಿಗೆ ಹಾಕುವ ಅಗ್ಗದ ಸಿಲಿಕಾನ್ ಬೇಡ.

ಇಂಜಿನ್ ಏರಿಸಲು ಒಂದು ವಾರ ಕಾಯಿ. ಏರಿಸಿದ ಮೇಲೆ ನೀರಿಗೆ ಇಳಿಸುವ ಮುನ್ನ, ಹಲಗೆಯ ಮೇಲಂಚಿಗೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹಿಡಿದು, ಇಂಜಿನ್ನಿನ ಕೆಳಕಾಲನ್ನು ಮಾವನವರ ಕೈಯಲ್ಲಿ ಜೋರಾಗಿ ಒತ್ತಿಸು. ಪಟ್ಟಿಗೂ ಅಂಚಿಗೂ ನಡುವೆ ಬೆಳಕು ಕಂಡರೆ ನನಗೆ ಕಾಗದ ಬರೆ. ದೋಣಿ ದಡದಲ್ಲಿರುವಾಗ ಮೂತಿ ಮೇಲಿರಲಿ, ತಳದ ಬಿರಡೆ ತೆಗೆದಿರಲಿ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಬೀಳಲು 89 ವರ್ಷ ತಗೊಂಡಿತು. ಮತ್ತೆ 2025ರ ಜನವರಿಯಲ್ಲೇ ಬಿತ್ತು. ನೀರು ಇದೆ, ನಿನಗೆ ಕೆಲಸ ಇದೆ. ಲೈಫ್ ಜಾಕೆಟ್ ಇಬ್ಬರಿಗೂ ಇದೆ ತಾನೇ?

ಪ್ರಶ್ನೆ: ಪ್ಲೈ ಮೇಲೆ ಮರೈನ್ ಅಂತ ಅಚ್ಚು ಹೊಡೆದಿದ್ದರೆ ನಂಬಬಹುದಾ? ನಮ್ಮ ಬಚ್ಚಲ ಬಾಗಿಲಿಗೆ ಹಾಕಿದ್ದು ಎರಡು ವರ್ಷಕ್ಕೆ ಉಬ್ಬಿತು.
ಓದುಗ, ಜಗಳೂರು

ಉತ್ತರ: ಆ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಸ್ವಾಮಿ. ನೀವು ನೋಡಬೇಕಾದ್ದು ಐಎಸ್‌ಐ ಗುರುತಿನ ಜೊತೆ ಐಎಸ್ 710 ಅನ್ನುವ ಸಂಖ್ಯೆ. 303 ಇದ್ದರೆ ಅದು ಸಾಮಾನ್ಯ ಬಳಕೆಯದು. 710ರ ಪ್ಲೈಯನ್ನು 72 ಗಂಟೆ ಕುದಿಸಿ ಅಂಟು ಪರೀಕ್ಷಿಸುವ ನಿಯಮವಿದೆ. ನನಗೆ ಒಮ್ಮೆ ಒಬ್ಬ ಅಂಗಡಿಯವರು 710 ಎಂದೇ ಹೇಳಿ ಬೇರೇನನ್ನೋ ಕೊಟ್ಟರು, ಅಂದಿನಿಂದ ಒಂದು ಗೇಣು ತುಂಡನ್ನು ಮನೆಯಲ್ಲೇ ಕುದಿಸುತ್ತೇನೆ. ಮೂರು ದಿನ ಆಗದು, ಏಳೆಂಟು ಗಂಟೆ ಸಾಕು. ಪದರ ಬಿಟ್ಟರೆ ಶೀಟು ವಾಪಸ್. ನಮ್ಮ ಮನೆಯವರು ಇದಕ್ಕೆಂದೇ ಒಂದು ಹಳೇ ಪಾತ್ರೆ ಬೇರೆ ಇಟ್ಟಿದ್ದಾರೆ, ಅದನ್ನು ಒಳಗೆ ತರಬಾರದು ಅನ್ನುವ ಕಟ್ಟಪ್ಪಣೆ ಇದೆ. ಬಾಗಿಲು ಉಬ್ಬಿದ್ದು ಅಂಚಿಗೆ ಬಣ್ಣ ಹೊಡೆಯದೆ ಬಿಟ್ಟದ್ದಕ್ಕೂ ಇರಬಹುದು, ತಳದ ಅಂಚು ಮುಟ್ಟಿ ನೋಡಿ.

ಪ್ರಶ್ನೆ: ಟೆರೇಸಿನ ಕಪ್ಪು ನೀರಿನ ಟ್ಯಾಂಕ್ ಬಿರುಕು ಬಿಟ್ಟಿದೆ. ಫೈಬರ್ ಮ್ಯಾಟ್ ಹಾಕಿದರೆ ನಿಲ್ಲುತ್ತೆ ಅಂದರು. ಅರ್ಧ ಕೆ.ಜಿ. ರೆಸಿನ್ ತಂದಿಟ್ಟಿದ್ದೇನೆ.
ಗೃಹಿಣಿ, ಚಳ್ಳಕೆರೆ

ಉತ್ತರ: ನಿಲ್ಲುವುದಿಲ್ಲ ತಾಯಿ. ಆ ಟ್ಯಾಂಕ್ ಫೈಬರ್ ಅಲ್ಲ, ಪಾಲಿಥೀನ್ ಪ್ಲಾಸ್ಟಿಕ್. ಅದಕ್ಕೆ ಯಾವ ರೆಸಿನ್ನೂ ಅಂಟದು, ಒಣಗಿದ ಮೇಲೆ ಹಪ್ಪಳದಂತೆ ಎದ್ದುಬರುತ್ತದೆ. ಅನುಮಾನವಿದ್ದರೆ ಚಾಕುವಿನಿಂದ ಅಂಚು ಕೆರೆದು ನೋಡಿ: ಸುರುಳಿ ಸುರುಳಿಯಾಗಿ ಬಂದರೆ ಪ್ಲಾಸ್ಟಿಕ್, ಬಿಳಿ ಪುಡಿ ಉದುರಿದರೆ ಫೈಬರ್. ಪ್ಲಾಸ್ಟಿಕ್ ಟ್ಯಾಂಕಿಗೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಬೆಸುಗೆ ಹಾಕುವವರಿದ್ದಾರೆ, ಬಿರುಕು ಮೇಲ್ಭಾಗದಲ್ಲಿದ್ದರೆ ಅದು ನಡೆಯುತ್ತದೆ. ತಳದಲ್ಲಿದ್ದರೆ ಹೊಸದು ತರುವುದೇ ವಾಸಿ. ತಂದಿರುವ ರೆಸಿನ್ ಡಬ್ಬಿ ತೆರೆಯದಿದ್ದರೆ ಅಂಗಡಿಯವರಿಗೆ ವಾಪಸ್ ಕೊಡಿ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಇಡಬೇಡಿ, ಒಲೆಯ ಹತ್ತಿರ ಇಡುವ ವಸ್ತುವಲ್ಲ ಅದು. ಅದರ ಜೊತೆ ಕೊಟ್ಟ ಎರಡು ಚಿಕ್ಕ ಬಾಟಲಿಗಳನ್ನು ಇವತ್ತೇ ಬೇರೆಬೇರೆ ಕಡೆ, ಮಕ್ಕಳ ಕೈಗೆ ಎಟುಕದಂತೆ, ನೆರಳಿನಲ್ಲಿ ಇಡಿ.